ತಾಟಿನ ಸದ್ದಿಗೂ ಏಳದ ಕೂಸು

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಮಕ್ಕಳ ಕಿವಿ ಪರೀಕ್ಷಿಸುವುದು ನನ್ನ ಕೆಲಸ. ಮಗು ಮಲಗಿದ್ದಾಗ ಕಿವಿಗೆ ಸಣ್ಣ ರಬ್ಬರ್ ಬಿರಡೆ ಇಟ್ಟರೆ ಯಂತ್ರ ಕೆಲವೇ ನಿಮಿಷಗಳಲ್ಲಿ ಉತ್ತರ ಹೇಳುತ್ತದೆ. ಕೊರೊನಾ ಬಂದ ಮಾರ್ಚ್‌ನಲ್ಲಿ ನನ್ನ ಕೋಣೆಯನ್ನು ಗಂಟಲ ದ್ರವ ತೆಗೆಯಲು ಬಿಟ್ಟುಕೊಟ್ಟೆವು. ಬಾಣಂತಿಯರನ್ನು ಬೇಗ ಬೇಗ ಮನೆಗೆ ಕಳಿಸುತ್ತಿದ್ದರು. ಅವರ ಚೀಟಿಗಳ ಮೇಲೆ ‘ಕಿವಿ ಪರೀಕ್ಷೆ ಬಾಕಿ, ಮುಂದೆ ಬನ್ನಿ’ ಎಂದು ಬರೆದವಳು ನಾನೇ. ಮುಂದೆ ಅಂದರೆ ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಬಸ್ಸುಗಳು ಮತ್ತೆ ಓಡತೊಡಗಿದಾಗ ರಿಜಿಸ್ಟರ್ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ದೇವದುರ್ಗದ ಒಂದು ನಂಬರಿಗೆ ಮಗುವಿನ ಅಪ್ಪ ಸಿಕ್ಕ. ತಾಯಿ, ಮಗು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ, ಅವಳ ತವರಿನಲ್ಲಿದ್ದರು. ಅವನು ಕೊಟ್ಟ ಅಲ್ಲಿನ ನಂಬರಿಗೆ ಫೋನ್ ಎತ್ತಿದವಳು ಮಗುವಿನ ಅಜ್ಜಿ.

“ನಮ್ಮ ಕೂಸಿಗಿ ಏನಾಗ್ಯದ ಯವ್ವಾ? ಭಾಳ ಶಾಣ್ಯಾ ಅದ. ಅವತ್ತು ಕೊರೊನಾ ಓಡಿಸಾಕ ಊರೆಲ್ಲಾ ತಾಟು ಬಡೀತಲ್ಲ, ಇದು ಕಣ್ಣು ಸೈತ ತೆರೀಲಿಲ್ಲ.”

“ತಾಟು ಎಷ್ಟು ದೂರ ಇತ್ರೀ?”

“ಎಲ್ಲೀ ದೂರ! ತೊಟ್ಟಿಲ ಬಾಜೂಕ ನಿಂತು ನಾನ ಬಡ್ದೀನಿ. ತಾಟು ನೆಗ್ಗಿ ಹೋತು, ಇದು ಮಲಗೇ ಇತ್ತು!” ಅಜ್ಜಿ ನಕ್ಕಳು.

ನನಗೆ ನಗಲಾಗಲಿಲ್ಲ. ಗಾಢ ನಿದ್ರೆಯಲ್ಲಿದ್ದ ಕೂಸು ಒಮ್ಮೆ ಏಳದಿದ್ದರೆ ಅದೇ ಪುರಾವೆಯಲ್ಲ. ಆದರೆ ಕಿವಿ ಕೇಳದ ಮಗುವಿಗೆ ಆರು ತಿಂಗಳೊಳಗೆ ಕಿವಿಯಂತ್ರ ಹಾಕಿದರೆ ಮಾತು ಕಲಿಯುವುದು ಸುಲಭ, ತಡವಾದಷ್ಟೂ ಕಷ್ಟ. ಎರಡು ತಿಂಗಳು ಆಗಲೇ ಕಳೆದಿದ್ದವು.

“ನಾಳೀನೇ ಕರ್ಕೊಂಡು ಬರ್ರಿ,” ಎಂದೆ.

ಬಂದರು. ಮುಖ ಕಂಡರೆ ನಗುವ ಮಗು. ಅದಕ್ಕೇ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡೂ ಕಿವಿಗೆ ಮೂರು ಸಲ ಬಿರಡೆ ಇಟ್ಟೆ. ಕಿವಿಗಳಿಂದ ಉತ್ತರ ಬರಲಿಲ್ಲ. ದೊಡ್ಡ ಪರೀಕ್ಷೆಯೂ ಮಗುವಿಗೆ ಕೇಳುತ್ತಿಲ್ಲ ಎಂದೇ ಹೇಳಿತು.

“ಹುಟ್ಟಿದಾಗ ನೋಡಿದ್ರ ಅವತ್ತ ತಿಳೀತಿತ್ತಲ್ರೀ ಮೇಡಂ?” ಎಂದಳು ತಾಯಿ.

“ತಿಳೀತಿತ್ತು,” ಎಂದೆ. ವರದಿಯನ್ನು ಅವಳ ಕೈಗಿಟ್ಟು, “ಇನ್ನೂ ಹೊತ್ತು ಮೀರಿಲ್ಲ,” ಎಂದೆ. ಎರಡೂ ನಿಜವಾಗಿದ್ದವು.

ಅಂದಿನಿಂದ ಫೋನಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳತೊಡಗಿದೆ: ತಾಟು ಬಡಿದ ದಿನ ಕೂಸು ಬೆಚ್ಚಿತ್ತೇ? ಹಲವರು ಪರೀಕ್ಷೆಗೆ ಬಂದರು. ಕೆಲವು ನಂಬರುಗಳು ಇವತ್ತಿಗೂ ಸಿಕ್ಕಿಲ್ಲ.

ಐದನೆಯ ತಿಂಗಳಲ್ಲಿ ಆ ಮಗುವಿಗೆ ಕಿವಿಯಂತ್ರ ಹಾಕಿದೆವು. ಅಜ್ಜಿಯ ತೊಡೆಯ ಮೇಲೆ ಕೂತು ಸೆರಗು ಜಗ್ಗುತ್ತಿತ್ತು. ತಾಯಿ ಹಿಂದೆ ನಿಂತು, “ಪುಟ್ಟೀ,” ಎಂದಳು. ಮಗುವಿನ ಕೈ ತಟ್ಟನೆ ನಿಂತಿತು. ಮುಖ ಸೊಟ್ಟಗಾಯಿತು, ಜೋರಾಗಿ ಅಳತೊಡಗಿತು.

“ಸಾವಕಾಶ ಕರಿಯಲೇ, ಅಂಜ್ಯದ ನೋಡು!” ಅಜ್ಜಿ ಮಗಳನ್ನು ಗದರಿದಳು.

ತಾಯಿ ಕಣ್ಣೊರೆಸಿಕೊಂಡು, ದನಿ ತಗ್ಗಿಸಿ, ಇನ್ನೊಮ್ಮೆ ಕರೆದಳು.