ನೀರಿನಂಚಿಗೆ ನೆಟ್ಟ ಬಾವುಟ

ನಾನು ಹುಟ್ಟಾ ಅಂಜುಬುರುಕಿ. ಮಕ್ತಲದ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಊದಿದರೆ, ನನ್ನನ್ನೇ ಕೆಳಗಿಳಿಸಲು ಊದಿದನೇನೋ ಎಂದು ಟಿಕೆಟ್ಟು ಹುಡುಕುವ ಜಾತಿ ನನ್ನದು. ಇಂಥವಳಿಗೆ ಜನರನ್ನು ಹೆದರಿಸುವ ಕೆಲಸವೇ ಗಂಟುಬಿತ್ತು. ಮಕ್ತಲಕ್ಕೂ ಗದ್ವಾಲಕ್ಕೂ ನಡುವೆ, ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಆಗ ಒಂದು ಸಣ್ಣ ಗಾಲ್ಫ್ ಮೈದಾನವಿತ್ತು. ಒಂಬತ್ತೇ ಕುಳಿಗಳದ್ದು. ಕೃಷಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಲ್ಲಿ ಹುಲ್ಲು ನೋಡಿಕೊಳ್ಳಲು ತೆಗೆದುಕೊಂಡರು. ಕುರುಬರ ಮನೆಯ ಹುಡುಗಿಗೆ ಹುಲ್ಲಿನ ಕೆಲಸ ಸಿಕ್ಕಿತೆಂದು ಓಣಿಯವರೆಲ್ಲ ನಕ್ಕರು.

ಆಟ ದೊಡ್ಡ ಒಗಟೇನಲ್ಲ. ದೂರದಿಂದ ಚೆಂಡು ಹೊಡೆಯುತ್ತ ಬಂದು, ಕಡಿಮೆ ಹೊಡೆತದಲ್ಲಿ ಕುಳಿಗೆ ಬೀಳಿಸಿದವನು ಗೆದ್ದ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಹಾಸು ಇರುತ್ತದೆ, ಅದಕ್ಕೆ ಗ್ರೀನ್ ಅನ್ನುತ್ತಾರೆ. ಆದರೆ ಪಂದ್ಯದ ದಿನ ಆ ಗ್ರೀನಿನಲ್ಲಿ ಕುಳಿಯನ್ನು ಎಲ್ಲಿ ಕೊರೆಯಬೇಕು, ಮೊದಲ ಹೊಡೆತದ ಕಟ್ಟೆಯನ್ನು ಎಷ್ಟು ಹಿಂದಿಡಬೇಕು, ಎಲ್ಲಿ ಹುಲ್ಲು ಬೆಳೆಯಲು ಬಿಡಬೇಕು ಎಂಬುದನ್ನು ತೀರ್ಮಾನಿಸುವವರು ಆಟಗಾರರಲ್ಲ. ಅದು ನನ್ನ ಕೆಲಸ. ಅದನ್ನು ನಾನು ಅವರ ಕಾಲು ನೋಡಿಯೇ ಕಲಿತೆ. ಹೆದರಿದವರು ಚೆಂಡಿನ ಮುಂದೆ ನಿಂತು ಪಾದವನ್ನು ಮತ್ತೆ ಮತ್ತೆ ಸರಿಸುತ್ತಾರೆ. ಎಲ್ಲೆಲ್ಲೂ ಕಷ್ಟವನ್ನೇ ಇಟ್ಟರೆ ಆಟಗಾರ ಬೇಸತ್ತು ಸುಮ್ಮನೆ ಆಡಿ ಮನೆಗೆ ಹೋಗುತ್ತಾನೆ. ಎಲ್ಲೂ ಇಡದಿದ್ದರೆ ನೋಡುವವರು ಆಕಳಿಸುತ್ತಾರೆ. ಒಂದು ನೆಮ್ಮದಿಯ ದಾರಿ, ಒಂದು ಅಪಾಯದ ದಾರಿ, ಎರಡೂ ಕಣ್ಣಿಗೆ ಕಾಣುವಂತಿರಬೇಕು. ಹೋಗಲೋ ಬೇಡವೋ ಎಂದು ಅವರು ಒದ್ದಾಡುವಾಗಲೇ ಪಂದ್ಯ ಹುಟ್ಟುತ್ತದೆ. ದಿನವಿಡೀ ಹಾಗೆ ಒದ್ದಾಡುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಪ್ಪನ ಕುರಿಗಳು ಆ ಮೈದಾನದೊಳಗೆ ಬಂದದ್ದು ಪ್ರತ್ಯೇಕ ರಾಜ್ಯಕ್ಕಾಗಿ ಹೋರಾಟ ನಡೆಯುತ್ತಿದ್ದಾಗ. ಬಂದ್ ಮೇಲೆ ಬಂದ್. ಹುಲ್ಲು ಕತ್ತರಿಸುವ ಯಂತ್ರಕ್ಕೆ ಡೀಸೆಲ್ ಇಲ್ಲ, ಕೂಲಿಯವರಿಗೆ ಬರಲು ಬಸ್ಸಿಲ್ಲ. ಹುಲ್ಲು ಮೊಣಕಾಲಿಗೆ ಬಂದಾಗ ಕ್ಲಬ್ಬಿನ ಸೆಕ್ರೆಟರಿ ಸಾಹೇಬರೇ ಅಪ್ಪನನ್ನು ಕರೆಸಿ, "ನಿಮ್ಮ ಕುರಿ ಬಿಡ್ರೀ, ಮೇಯ್ಲಿ," ಅಂದಿದ್ದರು. ಅವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು, ಮನೆಮಾತು ತೆಲುಗು, ನಮ್ಮೊಂದಿಗೆ ನಮ್ಮಂತೆಯೇ ಮಾತು. ಕುರಿಗಳು ಯಂತ್ರಕ್ಕಿಂತ ನೀಟಾಗಿ ಮೇಯ್ದವು. ಗ್ರೀನುಗಳನ್ನು ಬಿಟ್ಟು ಉಳಿದದ್ದೆಲ್ಲ ಅವಕ್ಕೇ. ರಾಜ್ಯ ಬಂತು, ಡೀಸೆಲ್ಲೂ ಬಂತು, ಕುರಿಗಳು ಮಾತ್ರ ಹಾಗೆಯೇ ಉಳಿದುಕೊಂಡವು.

ನನಗೆ ಅದರಿಂದ ಆದ ಸಮಾಧಾನ ಅಷ್ಟಿಷ್ಟಲ್ಲ. ಅದಕ್ಕೆ ಮೊದಲು ಬೇಸಿಗೆ ಬಂತೆಂದರೆ ಅಪ್ಪ ಕುರಿ ಹೊಡೆದುಕೊಂಡು ಉಂಡವಳ್ಳಿಯ ಕಡೆ ಹೋಗುತ್ತಿದ್ದ. ಕೊನೆಯ ಸಲ ಹೋದಾಗ ಹೆದ್ದಾರಿ ದಾಟುವಲ್ಲಿ ತಲೆ ತಿರುಗಿ ರಸ್ತೆಯ ಮೇಲೇ ಬಿದ್ದಿದ್ದ. ಲಾರಿಯವನು ಬ್ರೇಕ್ ಒತ್ತಿದ್ದರಿಂದ ಉಳಿದ. ಆಮೇಲೆ ತಲೆಸುತ್ತು ಅವನನ್ನು ಬಿಡಲೇ ಇಲ್ಲ. ಕುರಿ ಮಾರು ಅಂದರೆ ಕುಲದೇವರು ಬೀರಪ್ಪನ ಮೇಲೆ ಆಣೆ ಹಾಕುತ್ತಿದ್ದ. ಕಣ್ಣಳತೆಯಲ್ಲಿ ಹಸಿರು ಇರುವ ತನಕ ಅಪ್ಪ ಕಣ್ಣಳತೆಯಲ್ಲಿ ಇರುತ್ತಾನೆ ಎಂಬುದೊಂದೇ ನನ್ನ ಧೈರ್ಯವಾಗಿತ್ತು.

ಹೊಸ ರಾಜ್ಯದ ಮೊದಲ ವರ್ಷ ತುಂಬಿದ ಖುಷಿಗೆ ಕ್ಲಬ್ಬಿನವರು ದೊಡ್ಡ ಪಂದ್ಯ ಇಟ್ಟರು. ಹೈದರಾಬಾದಿನಿಂದ, ಕರ್ನೂಲಿನಿಂದ, ರಾಯಚೂರಿನಿಂದ ಆಟಗಾರರು ಬರುವವರಿದ್ದರು. ಸೆಕ್ರೆಟರಿ ಸಾಹೇಬರು ನನ್ನನ್ನು ಕರೆದರು.

"ನೋಡಮ್ಮಾ, ಕಮಿಟಿಯವರಿಗೆ ಕುರಿ ಅಂದ್ರ ಆಗೂದಿಲ್ಲ. ಬಂದ ಮಂದಿ ನಗ್ತಾರಂತ. ಈ ಪಂದ್ಯ ಚಲೋ ಆಗಿ, ಒಂದೂ ತಕರಾರು ಬರ್ಲಿಲ್ಲ ಅಂದ್ರ ಕುರಿ ಇರ್ತಾವು. ಅದು ನನ್ನ ಮಾತು. ಬಂತೋ, ಮರುದಿನಾನೇ ಗೇಟು ಬಂದ್."

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಒಂಬತ್ತೂ ಗ್ರೀನುಗಳನ್ನು ಮಗುವಿನ ತಲೆ ಸವರಿದಂತೆ ಸವರಿದೆ. ಕೊನೆಯ ಕುಳಿಯ ಬಗ್ಗೆಯಂತೂ ವಿಪರೀತ ಯೋಚನೆ. ಅಲ್ಲಿ ಕಟ್ಟೆಗೂ ಗ್ರೀನಿಗೂ ನಡುವೆ ಹಿನ್ನೀರಿನ ಒಂದು ತೋಳು ಚಾಚಿಕೊಂಡಿದೆ. ನೀರಿನ ಮೇಲಿಂದ ನೇರ ಹೊಡೆಯಬಹುದು, ಇಲ್ಲವೇ ಎಡಕ್ಕೆ ದಂಡೆ ಸುತ್ತಿ ಬರಬಹುದು. ನೀರಿಗೆ ಬಿದ್ದರೆ ಒಂದು ಹೊಡೆತ ದಂಡ. ಕಟ್ಟೆ ಬಹಳ ಹಿಂದಿದ್ದುದರಿಂದ ನೀರು ದಾಟಿಸುವ ಹುಚ್ಚಿಗೆ ಯಾರೂ ಹೋಗುತ್ತಿರಲಿಲ್ಲ. ನಾನು ಕುಳಿಯನ್ನು ಗ್ರೀನಿನ ನಟ್ಟನಡುವೆ ಇಡುವುದೆಂದು ತೀರ್ಮಾನಿಸಿದೆ. ಯಾರಿಗೂ ತೊಂದರೆಯಿಲ್ಲ, ತಕರಾರೂ ಇಲ್ಲ. ಪಂದ್ಯದ ಹಿಂದಿನ ಸಂಜೆ ಧಾರಾಳವಾಗಿ ನೀರು ಬಿಟ್ಟು ಮನೆಗೆ ಹೋದೆ.

ಬೆಳಕು ಹರಿಯುವಾಗ ಬಂದು ನೋಡಿದರೆ ಕೊನೆಯ ಗ್ರೀನಿನ ಮೇಲೆ ಅಪ್ಪನ ಇಡೀ ಹಿಂಡು ಮಲಗಿತ್ತು.

ಸುತ್ತ ಬಲೆ ಕಟ್ಟಿ, ಮೂಲೆಗೆ ಕಂಬಳಿ ಹಾಸಿ, ಅಪ್ಪ ಬೀಡಿ ಸೇದುತ್ತ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮುಖದಲ್ಲಿ ಹಬ್ಬ.

"ಇಷ್ಟು ವರ್ಷ ಈ ಹುಲ್ಲು ತಿಂದಾವವ್ವಾ ನಮ್ಮ ಕುರಿ. ಇವತ್ತು ನಿನ್ನ ಆಟ ಐತಿ ಅಂದಿ. ಅದಕ್ಕ ಈ ಚಲೋ ತುಂಡಿಗೆ ಕುರಿ ತರುಬೀನಿ. ಪುಕ್ಕಟ!"

ನಮ್ಮ ಕಡೆ ಹೊಲದಲ್ಲಿ ಕುರಿ ತರುಬಿಸಿಕೊಳ್ಳಲು ರೈತರು ಕಾದು ನಿಲ್ಲುತ್ತಾರೆ. ಒಂದು ರಾತ್ರಿ ಹಿಂಡು ಮಲಗಿದರೆ ಆ ನೆಲಕ್ಕೆ ಬೇರೆ ಗೊಬ್ಬರ ಬೇಡ. ಉಪಕಾರ ಮಾಡಿದವರಿಗೆ ಕುರುಬ ಕೊಡುವ ದೊಡ್ಡ ಕಾಣಿಕೆ ಅದು. ಅಪ್ಪ ನನಗೆ ಅದನ್ನು ಕೊಟ್ಟಿದ್ದ. ನಾನು ನೀರು ಕುಡಿಸಿ ಮೆತ್ತಗೆ ಮಾಡಿದ್ದ ಹಾಸಿನ ತುಂಬ ಗೊರಸಿನ ಗುಳಿ, ಹಿಕ್ಕೆ, ಗಂಜಲದ ವಾಸನೆ. ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು.

"ಯಪ್ಪಾ, ಏನು ಮಾಡಿದ್ಯೋ! ಎಬ್ಬಿಸು, ಲಗೂನ ಎಬ್ಬಿಸು!"

ಅವನು ಪೆಚ್ಚಾಗಿ ಬಲೆ ಬಿಚ್ಚಿದ. ಕುರಿಗಳು ಹೋದ ಮೇಲೆ ಈಚಲ ಪೊರಕೆ ಹಿಡಿದು ಗುಡಿಸಿದೆ, ನೀರು ಹೊಡೆದೆ, ರೋಲರ್ ಎಳೆದೆ. ಅಪ್ಪನೂ ರುಮಾಲಿನಲ್ಲಿ ಹಿಕ್ಕೆ ಆರಿಸಿದ. ಗುಳಿಗಳು ಮುಚ್ಚಿದವು, ಆದರೆ ಚೆಂಡು ಉರುಳಿಸಿ ನೋಡಿದರೆ ಅಲ್ಲಲ್ಲಿ ಕುಪ್ಪಳಿಸುತ್ತಿತ್ತು. ನಡುವಿನ ಜಾಗ ಕುಳಿಗೆ ಬರುವಂತಿರಲಿಲ್ಲ. ಚೊಕ್ಕವಾಗಿ ಉಳಿದದ್ದು ನೀರಿನ ಪಕ್ಕದ ಒಂದು ಪಟ್ಟಿ ಮಾತ್ರ. ಮೊಸಳೆ ಭಯಕ್ಕೆ ಅಪ್ಪ ಬಲೆಯನ್ನು ಅಲ್ಲಿಯವರೆಗೆ ಚಾಚಿರಲಿಲ್ಲ. ಅದೇ ಭಯಕ್ಕೆ ಅಲ್ಲಿ ಮೇಯಿಸಿಯೂ ಇರಲಿಲ್ಲವಾದ್ದರಿಂದ, ಗ್ರೀನಿನಿಂದ ನೀರಿನವರೆಗಿನ ಇಳಿಜಾರಿನಲ್ಲಿ ಹುಲ್ಲು ದಟ್ಟವಾಗಿತ್ತು.

ಆ ಪಟ್ಟಿಯಲ್ಲಿ ಕುಳಿ ಕೊರೆಯುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ನೆಮ್ಮದಿಯ ದಾರಿಯಲ್ಲಿ ಬಂದವನೂ ಕೊನೆಗೆ ನೀರಿನ ಕಡೆಗೇ, ಇಳಿಜಾರಿಗೇ ಚೆಂಡು ತಳ್ಳಬೇಕು. ನಾಲ್ಕು ಜನರ ಚೆಂಡು ನೀರಿಗೆ ಹೋದರೆ ಐದನೆಯವನು ತಕರಾರು ಬರೆಯುತ್ತಾನೆ. ಆದರೆ ಬೇರೆ ದಾರಿ ಇರಲಿಲ್ಲ. ಕೊರೆದೆ, ಬಾವುಟ ನೆಟ್ಟೆ. ಸುತ್ತಿ ಬರುವವರಿಗೆ ಇಷ್ಟು ಕಷ್ಟವಾದ ಮೇಲೆ ದಾಟಿಸುವವರಿಗೂ ಒಂದು ಆಸೆ ತೋರಿಸಬೇಕಲ್ಲ. ಕಟ್ಟೆಯ ಗುರುತುಗಳನ್ನು ಮುಂದಕ್ಕೆ ತಂದೆ. ಈಗ ನೀರು ದಾಟಿಸುವುದು ಗಟ್ಟಿ ಕೈಯವರಿಗೆ ಸಾಧ್ಯವಿತ್ತು. ದಡದ ಹುಲ್ಲಿಗೆ ಕತ್ತರಿ ಹಾಕಲಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಚೆಂಡನ್ನು ಅದಾದರೂ ಹಿಡಿದುಕೊಳ್ಳಲಿ.

ಸೆಕ್ರೆಟರಿ ಸಾಹೇಬರು ಬಂದು ಬಾವುಟ ನೋಡಿ ಬೆಚ್ಚಿದರು.

"ಏಮಮ್ಮಾ, ನೀರಾಗ ಇಟ್ಟೀಯಲ್ಲ! ಮಂದಿ ನನಗ ಬೈಯಾಕ ಬರ್ತಾರ."

"ಎರಡು ದಾರಿ ಅದಾವ್ರಿ ಸರ್. ಬೇಕಾದವ್ರು ದಾಟ್ಲಿ, ಬ್ಯಾಡಾದವ್ರು ಸುತ್ತಿ ಬರ್ಲಿ."

ಅವರು ಮೂಗೇರಿಸಿ ಏನೋ ವಾಸನೆ ಹಿಡಿದರು. ನಾನು ಪೊರಕೆಯನ್ನು ಬೆನ್ನ ಹಿಂದೆ ಸರಿಸಿದೆ. "ಗೊಬ್ಬರ ಜರಾ ಜಾಸ್ತಿ ಹಾಕೀಯಲ್ಲ," ಎಂದು ಹೊರಟುಹೋದರು.

ಬೆಳಗಿನಿಂದ ಮಧ್ಯಾಹ್ನದವರೆಗೂ ಬೇವಿನ ಮರದ ಹಿಂದೆ ನಿಂತು ಒಂದೊಂದೇ ಗುಂಪು ಕೊನೆಯ ಕುಳಿಗೆ ಬರುವುದನ್ನು ನೋಡಿದೆ. ಚೆಂಡು ನೀರಿಗೆ ಬಿದ್ದಾಗಲೆಲ್ಲ ಈಗ ತಕರಾರು ಬಂತು ಅಂದುಕೊಳ್ಳುತ್ತಿದ್ದೆ. ಆದರೆ ವಿಚಿತ್ರ, ಚೆಂಡು ಕಳೆದುಕೊಂಡವನು ಕುಳಿಯನ್ನು ಬೈಯುತ್ತಿರಲಿಲ್ಲ. ತನ್ನನ್ನೇ ಬೈದುಕೊಂಡು, ತನ್ನ ಹಿಂದೆ ಬರುವವರು ಏನು ಮಾಡುತ್ತಾರೆ ನೋಡೋಣವೆಂದು ಅಲ್ಲೇ ಕೂರುತ್ತಿದ್ದ. ಆಡಿ ಮುಗಿಸಿದವರು ಊಟಕ್ಕೂ ಏಳದೆ ದಂಡೆ ತುಂಬಿದರು.

ಕೊನೆಗೆ ಉಳಿದವರಿಬ್ಬರು. ಹೈದರಾಬಾದಿನ ಕಣ್ಣಿನ ಡಾಕ್ಟರು ಒಂದು ಹೊಡೆತದಿಂದ ಮುಂದಿದ್ದರು. ಹಿಂದಿದ್ದವರು ರಾಯಚೂರಿನ ಹತ್ತಿ ಗಿರಣಿಯ ಮಾಲೀಕರು. ಮುಂದಿದ್ದವರು ಜಾಣತನದಿಂದ ದಂಡೆ ಸುತ್ತುವ ದಾರಿ ಹಿಡಿದರು. ಹಿಂದಿದ್ದವರಿಗೆ ದಾಟಿಸದೆ ಗತಿಯಿರಲಿಲ್ಲ. ಬೀಸಿದರು. ಚೆಂಡು ನೀರಿನ ಮೇಲೆ ಹೋಯಿತು, ಇಳಿಯಿತು, ದಡದ ಹುಲ್ಲಿಗೆ ಬಿದ್ದು ಜಾರಿತು, ಜಾರಿ ನಿಂತಿತು. ನೆರೆದವರ ಬಾಯಿಂದ ಬಂದ ಸದ್ದಿಗೆ ನೀರಿನ ಕೊಕ್ಕರೆಗಳು ಎದ್ದವು.

ಗಿರಣಿಯವರು ಇಳಿಜಾರಿನಲ್ಲಿ ಒಂದು ಕಾಲು ಮಡಚಿ ನಿಂತು, ಬಗ್ಗಿ, ಚೆಂಡಿನ ಪಕ್ಕದಿಂದ ಏನನ್ನೋ ಹೆಕ್ಕಿದರು. ಬೆಳಿಗ್ಗೆ ನೀರು ಹೊಡೆದಾಗ ಅಲ್ಲಿಗೆ ಕೊಚ್ಚಿಹೋಗಿದ್ದ ನಮ್ಮ ಕುರಿ ಹಿಕ್ಕೆ. ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಮುಗಿಯಿತು ಅಂದುಕೊಂಡೆ. ಅವರು ತಲೆಯೆತ್ತಿ, "ಯಾರ ಕುರೀರಿ? ಚಲೋ ಮೇಯ್ದಾವ," ಎಂದು ಅದನ್ನು ನೀರಿಗೆ ಎಸೆದರು. ಸುತ್ತಲಿದ್ದವರು ನಕ್ಕರು.

ಗಿರಣಿಯವರು ಮೂರನೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಬೀಳಿಸಿದರು. ಡಾಕ್ಟರದು ಎರಡರಲ್ಲೇ ಗ್ರೀನಿಗೆ ಬಂದಿತ್ತು. ಆದರೆ ಅಲ್ಲಿಂದ ನೀರಿನ ಕಡೆಗೆ ಉರುಳಿಸಬೇಕು. ಅವರ ಪಾದ ನೋಡಿದೆ. ಸರಿಯಿತು, ಮತ್ತೆ ಸರಿಯಿತು. ತಟ್ಟಿದರು. ಚೆಂಡು ಒಂದು ಗೊರಸಿನ ಗುಳಿಯ ಮೇಲೆ ಸಣ್ಣಗೆ ಕುಪ್ಪಳಿಸಿತು. ನಾನು ಕಣ್ಣು ಮುಚ್ಚಿಬಿಟ್ಟೆ. ಅದು ಕುಳಿಯ ಅಂಚು ಸವರಿ ಪಕ್ಕಕ್ಕೆ ನಿಂತಿತಂತೆ. ನಾಲ್ಕನೆಯದಕ್ಕೆ ಮುಗಿಸಿದರು. ಇಬ್ಬರೂ ಸಮ.

ಅದೇ ಕುಳಿಯನ್ನು ಮತ್ತೆ ಆಡಬೇಕಾಯಿತು. ಈ ಸಲ ಇಬ್ಬರೂ ಮನಸ್ಸು ಬದಲಿಸಿದರು. ಗ್ರೀನಿನ ಇಳಿಜಾರು ಕಂಡು ಹೆದರಿದ್ದ ಡಾಕ್ಟರು ನೀರು ದಾಟಿಸಲು ಹೋದರು. ನೀರು ಕಂಡು ಹೆದರಿದ್ದ ಗಿರಣಿಯವರು ಸುತ್ತಿ ಬಂದರು. ಡಾಕ್ಟರ ಚೆಂಡು ದಡಕ್ಕೆ ಗೇಣುದ್ದ ಕಡಿಮೆಯಾಗಿ ನೀರಿಗೆ ಬಿತ್ತು. ರಾಯಚೂರಿನವರನ್ನು ಜನ ಹೆಗಲ ಮೇಲೆ ಎತ್ತಿಕೊಂಡರು. ಸೋತ ಡಾಕ್ಟರೂ ನಗುತ್ತ, ಇಂಥ ಕೊನೆಯ ಕುಳಿಯನ್ನು ತಾನು ಎಲ್ಲೂ ಆಡಿಲ್ಲವೆಂದರು. ತಕರಾರು ಒಂದೂ ಬರಲಿಲ್ಲ. ಬೇವಿನ ಮರದ ಹಿಂದಿನಿಂದ ಆಗ ಹೊರಗೆ ಬಂದೆ.

ಸೆಕ್ರೆಟರಿ ಸಾಹೇಬರು ಓಡಿಯೇ ಬಂದರು. "ಅದಿರಿಪೋಯಿಂದಮ್ಮಾ! ಭಾರೀ ಆತು! ಎಲ್ಲಾರೂ ನಿನ್ನ ಕೊನೀ ಕುಳೀದೇ ಮಾತು. ಮುಂದಿನ ವರ್ಷ ಹದಿನೆಂಟು ಕುಳಿ ಮಾಡಾಕ ಕಮಿಟಿ ಇಲ್ಲೇ ನಿಂತು ಒಪ್ಪೇತಿ. ಆ ಕಡಿ ಹಳ್ಳದ ತನಕ ಎಲ್ಲಾ ಮೈದಾನ. ನಾಳಿಂದ ತಂತಿ ಬೇಲಿ ಕೆಲಸ ಸುರು."

"ಕುರಿ, ಸರ್?"

ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ಇನ್ನ ಕುರಿ ಹೆಂಗಮ್ಮಾ?"

"ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ, ಖರೇ. ಪಂದ್ಯ ಇಷ್ಟು ಚಲೋ ಆಗ್ತೈತಿ ಅಂತ ಆವಾಗ ಯಾರಿಗೆ ಗೊತ್ತಿತ್ತು?"

ಅಪ್ಪ ಮೈದಾನದಾಚೆಯ ಹಳ್ಳದ ಹತ್ತಿರ ಕುರಿಗಳ ನಡುವೆ ಕೂತಿದ್ದ. ಅಲ್ಲಿಗೆ ನಡೆದುಹೋದೆ. ಹೇಳಿದೆ. ಹೇಳುತ್ತಿದ್ದಂತೆ ಹೆದ್ದಾರಿ, ಲಾರಿ, ಬಿದ್ದುಕೊಂಡ ಅಪ್ಪ, ಎಲ್ಲ ಕಣ್ಣ ಮುಂದೆ ಬಂದವು. ಅವನು ಬೈಯಲಿಲ್ಲ. ದಂಡೆಯ ಜನರನ್ನು, ಇನ್ನೂ ಹಾರುತ್ತಿದ್ದ ಬಾವುಟವನ್ನು ನೋಡಿ, ನನ್ನ ಬೆನ್ನ ಮೇಲೆ ಕೈಯಿಟ್ಟ. ದನಿಯಲ್ಲಿ ಹೆಮ್ಮೆಯೇ ಇತ್ತು.

"ಹುಲ್ಲು ಇಷ್ಟು ಚಲೋ ಬೆಳಸಿದ್ರ ಯಾರು ಬಿಟ್ಟಾರವ್ವಾ?"

ಮರುದಿನ ಬೆಳಿಗ್ಗೆ ಅವನು ಹಿಂಡು ಹೊಡೆದುಕೊಂಡು ಉಂಡವಳ್ಳಿಯ ದಾರಿ ಹಿಡಿದ. ಬೇಲಿಯ ಕಂಬಗಳಿಗೆ ಸುಣ್ಣದ ಗುರುತು ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಕಿಕೊಟ್ಟೆ.