ಗೋಲಿನ ಹಿಂದಿನ ಮೆಟ್ಟಿಲು

ಕೊಚ್ಚಿಯ ವೈಟ್ಟಿಲದಲ್ಲಿ ನಮ್ಮ ಫ್ಲ್ಯಾಟಿನ ಪಕ್ಕದ ಮನೆಯವರು ಕ್ರಿಕೆಟ್ ಪ್ಯಾಡುಗಳನ್ನು ಬಿಸಿಲಿಗಿಟ್ಟಿದ್ದರು. ಆ ಬೆವರಿನ ವಾಸನೆಗೆ ಅಪ್ಪ ನೆನಪಾದರು.

ನಾನು ಚಿಕ್ಕವಳಿದ್ದಾಗ ಕೊಚ್ಚಿಯಲ್ಲಿ ಹೊಸದಾಗಿ ಒಂದು ಹಾಕಿ ತಂಡ ಶುರುವಾಯಿತು. ಸಂಬಳಕ್ಕೆ ಆಡುವ, ಹೊರಗಿನಿಂದ ಕರೆತಂದ ಆಟಗಾರರು. ಇದು ಫುಟ್ಬಾಲಿನ ಊರು, ಗ್ಯಾಲರಿ ಖಾಲಿ. ಕಾಸರಗೋಡಿನಿಂದ ಕೋರ್ಟಿನ ಕೆಲಸಕ್ಕೆ ಬಂದಿದ್ದ ಅಪ್ಪ ಮಾತ್ರ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ಗೋಲಿನ ಹಿಂದೆ, ಬೆವರು ನಾರುವ ಪ್ಯಾಡುಗಳು ಒಣಗುತ್ತಿದ್ದ ಮೆಟ್ಟಿಲಲ್ಲೇ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

“ಅಪ್ಪಾ, ಆಟ ನೋಡುದಿಲ್ವಾ?”

“ಕೇಳ್ತಾ ಇದ್ದೇನೆ, ಮಗಾ.”

ಮಡಿಕೇರಿಯ ಗೋಲ್‌ಕೀಪರ್ ಮೈಸೂರಿನ ಜೊತೆಗಾರನಿಗೆ ಕೂಗುತ್ತಿದ್ದ: “ಎಡಕ್ಕೆ ಬಾರೋ, ಎಡಕ್ಕೆ.” ಅಪ್ಪನ ಮುಖ ಸಡಿಲವಾಗುತ್ತಿತ್ತು. ಇಡೀ ವಾರದಲ್ಲಿ ಮನೆಯಾಚೆ ಅವರ ಕಿವಿಗೆ ಬೀಳುತ್ತಿದ್ದ ಕನ್ನಡ ಅಷ್ಟೇ.

ಮುಂದಿನ ವರ್ಷ ಗೋಲ್‌ಕೀಪರ್ ಬದಲಾದ. ಹೊಸಬ ಹಿಂದಿಯಲ್ಲಿ ಕೂಗಿದ. ಅಪ್ಪ ಕಣ್ಣು ತೆರೆದರು, ಸ್ವಲ್ಪ ಹೊತ್ತು ಆಟ ನೋಡಿದರು. “ಹೋಗುವ,” ಅಂದರು. ಆಮೇಲೆ ನಾವು ಹೋಗಲಿಲ್ಲ.

ಇವತ್ತು ಸಂಜೆ ಮಗಳು ಫುಟ್ಬಾಲಿನಲ್ಲಿ ಗೋಲು ಕಾಯುತ್ತಿದ್ದಾಗ ಹಿಂದೆ ನಿಂತು, “ಎಡಕ್ಕೆ, ಮಗಾ, ಎಡಕ್ಕೆ” ಎಂದೆ. ಅವಳು ಸರಿಯಾಗಿ ಎಡಕ್ಕೇ ಸರಿದಳು. “ಶರಿ ಅಮ್ಮೇ,” ಎಂದು ಮಲಯಾಳದಲ್ಲಿ ಕೂಗಿದಳು.

ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ.