ರುವೈಸ್ ಮರಳಲ್ಲಿ ಇಂಗ್ಲಿಷ್ ಕಬಡ್ಡಿ

ಕೊಲ್ಲಿ ನಾಡಿನ ರುವೈಸ್ ಕಡಲ ದಂಡೆಗೆ ಇನ್ನೂ ಬಿಸಿಲು ಬಿದ್ದಿಲ್ಲ. ಮರಳಲ್ಲಿ ಕಾಲಿನಿಂದ ಎಳೆದ ಒಂದು ಗೆರೆ. ಆಚೆ ನಾಲ್ವರು ಜಪಾನಿ ಎಂಜಿನಿಯರುಗಳು ಕೈಕೈ ಹಿಡಿದು ನಿಂತಿದ್ದಾರೆ. ಈಚೆಯಿಂದ ಅವರ ಸಹೋದ್ಯೋಗಿ ಹಿರೋಮಿ ಎಂಬಾಕೆ ‘ಲ್ಯಾಡರ್, ಲ್ಯಾಡರ್, ಲ್ಯಾಡರ್’ ಎಂದು ಒಂದೇ ಉಸಿರಲ್ಲಿ ಹೇಳುತ್ತಾ ನುಗ್ಗುತ್ತಾಳೆ. “ನೋ ಬ್ರೇಕ್! ಯಲ್ಲಾ, ಯಲ್ಲಾ!” ಎಂದು ಅರಬಿ ಬೆರೆಸಿ ಹುರಿದುಂಬಿಸುತ್ತಿರುವವರು ಲೋಲಾಕ್ಷಿ ಟೀಚರ್.

ಇದು ಇಂಗ್ಲಿಷ್ ಉಚ್ಚಾರದ ಪಾಠ ಎಂದರೆ ನಂಬುತ್ತೀರಾ? ಕಣ್ಣಾರೆ ಕಾಣುವವರೆಗೆ ನಾನೂ ನಂಬಿರಲಿಲ್ಲ!

ಲೋಲಾಕ್ಷಿ ಕಾಪು ಕಡೆಯವರು. ಕಾಲೇಜಿನಲ್ಲಿ ಕಬಡ್ಡಿ ತಂಡದ ನಾಯಕಿ, ಆಮೇಲೆ ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಗಂಡ ತಿಲಕ್ ಇಲ್ಲಿನ ರಿಫೈನರಿಯಲ್ಲಿ ಟೆಕ್ನೀಷಿಯನ್. ಲೋಲಾಕ್ಷಿ ಪಾಠ ಮಾಡುವ ತರಬೇತಿ ಸಂಸ್ಥೆಯ ಜಾಹೀರಾತಿನಲ್ಲಿ ಅವರ ಹೆಸರು ಹುಡುಕಿದರೂ ಸಿಗದು. ಶುರುವಿನಲ್ಲಿ ಈ ಶಿಷ್ಯರ ಬಾಯಿ ತೆರೆಸುವುದೇ ಅವರಿಗೆ ದೊಡ್ಡ ಪಾಡಾಗಿತ್ತು.

“ಭಾರೀ ಮರ್ಯಾದೆಯ ಜನ ಮಾರಾಯ್ರೆ. ‘ಲ’ ಹೇಳಿದ್ರೆ ‘ರ’ ಬರ್ತದೆ, ತಿದ್ದುವ ಅಂದ್ರೆ ಮಾತಾಡುವಾಗ ಬಾಯಿಗೆ ಕೈ ಅಡ್ಡ. ನಾಲಿಗೆ ಎಲ್ಲಿ ತಾಗ್ತದೆ ಅಂತ ನಂಗೆ ಕಾಣುದೇ ಇಲ್ಲ. ಕೈ ತೆಗೀರಿ ಅಂದ್ರೆ ನಾಚಿ ಸ್ವರವೇ ಹೊರಡುದಿಲ್ಲ. ಕಬಡ್ಡಿಯಲ್ಲಾದ್ರೆ ಎದುರಿನವರನ್ನು ಮುಟ್ಟಲಿಕ್ಕೆ ಕೈ ಬೇಕಲ್ಲ, ಬಾಯಿ ಮುಚ್ಚಲಿಕ್ಕೆ ಪುರ್ಸೊತ್ತೆಲ್ಲಿ?”

ಎಂಥ ಉಪಾಯ!

ಇವತ್ತು ಹಿರೋಮಿಗೆ ಪರೀಕ್ಷೆಯ ದಿನ. ಏಣಿ ಹತ್ತಿ ಕೆಲಸ ಮಾಡುವ ನೂರಾರು ಕಾರ್ಮಿಕರಿಗೆ ಅವಳು ಸುರಕ್ಷತೆಯ ಪಾಠ ಹೇಳಬೇಕು. ಹೋದ ಸಲ ಯಾರಿಗೂ ಅರ್ಥವಾಗದೆ, ಮೇಲಧಿಕಾರಿ ಅರ್ಧದಲ್ಲೇ ಮೈಕ್ ತೆಗೆದುಕೊಂಡಿದ್ದ. ಈ ಸಲವೂ ಹಾಗಾದರೆ ಅವಳನ್ನು ಸೈಟಿನಿಂದ ತೆಗೆದು ಕಚೇರಿಯಲ್ಲಿ ಕೂರಿಸುತ್ತಾರೆ. “ಅವಳಿಗೆ ಸೈಟ್ ಅಂದ್ರೆ ಜೀವ” ಎನ್ನುತ್ತಾರೆ ಟೀಚರ್.

ಆಟ ಮುಗಿಸಿ ಹಿರೋಮಿ ಕೆಲಸಕ್ಕೆ ಹೊರಡುತ್ತಾಳೆ. ನಾವು ಲೋಲಾಕ್ಷಿಯವರ ಮನೆಗೆ ಬರುತ್ತೇವೆ. ನೀರುದೋಸೆ ಹೊಯ್ಯುತ್ತಿದ್ದರೂ ಅವರ ಕಣ್ಣು ಫೋನಿನ ಮೇಲೆ. ಎರಡು ದೋಸೆ ಆಗಲೇ ಸೀದು ಹೋಗಿವೆ.

ಫೋನ್ ರಿಂಗಾಗುತ್ತದೆ. “ಸೆನ್ಸೇ! ಕ್ವೆಶ್ಚನ್! ದೇ ಆಸ್ಕ್ ಮೀ ಕ್ವೆಶ್ಚನ್!” ಟೀಚರನ್ನು ಜಪಾನಿಯಲ್ಲಿ ಕರೆಯುವ ಹಿರೋಮಿಯ ಕೂಗು ಅಡುಗೆಮನೆ ತುಂಬುತ್ತದೆ. ಅಲಾರಂ ಹೊಡೆದಾಗ ಏಣಿಯ ಮೇಲಿದ್ದವರು ಏನು ಮಾಡಬೇಕೆಂದು ಕಾರ್ಮಿಕನೊಬ್ಬ ಕೇಳಿದನಂತೆ. ಅವಳು ಉತ್ತರ ಹೇಳಿದಳಂತೆ. ಮೈಕ್ ಕೊನೆಯವರೆಗೂ ಅವಳ ಕೈಯಲ್ಲೇ ಇತ್ತಂತೆ.

“ಕೇಳಿದ್ರಾ? ಪ್ರಶ್ನೆ ಬಂತು! ಹೋದ ಸಲ ಒಬ್ಬನೂ ಕೇಳಿರ್ಲಿಲ್ಲ. ಅರ್ಥ ಆದವನು ಮಾತ್ರ ಅಲ್ವಾ ಪ್ರಶ್ನೆ ಕೇಳುದು?” ಎಂದು ಲೋಲಾಕ್ಷಿ ನನ್ನತ್ತ ತಿರುಗುತ್ತಾರೆ. ಶಿಷ್ಯರ ಕೈಯನ್ನೆಲ್ಲ ಬಾಯಿಂದ ತೆಗೆಸಿದ ಟೀಚರ್, ಈಗ ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದು ನಿಂತಿದ್ದಾರೆ.